ಓದಲು ಬಾರದ ಕಲ್ಲಿಗೆ ನಾನು ಹೇಳಿದ ಅರ್ಥ

ಮ್ಯೂಸಿಯಂ ಕೆಲಸವೆಂದರೆ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಎಂದು ನನ್ನ ತಂಗಿಯ ಮಗಳು ಈಶ್ವರಿ ತಿಳಿದಿದ್ದಾಳೆ. ಅವಳಿಗೆ ಈಗ ಮೈಸೂರಿನ ಕಡೆ ಒಂದು ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿದೆ. ಹೋಗುವ ಮುಂಚೆ ಮನೆಗೆ ಬಂದವಳು, "ದೊಡ್ಡವ್ವಾ, ಅಷ್ಟು ವರ್ಷ ಆ ಬೆಟ್ಟದ ಮ್ಯಾಲೆ ಏನ್ ಮಾಡ್ದೆ, ನಂಗ ಒಂಚೂರು ಹೇಳು" ಎಂದಳು. ಹೇಳುತ್ತ ಹೋದೆ. ಅವಳ ಬಸ್ಸು ತಪ್ಪಿತು. ಆದ್ದರಿಂದ ಬರೆಯುತ್ತಿದ್ದೇನೆ. ಅವಳೂ ಅವಳ ಜೊತೆ ಹೊಸದಾಗಿ ಸೇರಿದವರೂ ಬಿಡುವಾದಾಗ ಓದಿಕೊಳ್ಳಲಿ.

ನಾನು ಹುಟ್ಟಿದ್ದು ತಮಿಳುನಾಡಿನ ತೇನಿ ಕಡೆಯ ಕೊಂಬೈಯಲ್ಲಿ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಶಾಲೆಯಲ್ಲಿ ಕಲಿತದ್ದೆಲ್ಲ ತಮಿಳಿನಲ್ಲಿ. ಕನ್ನಡಕ್ಕೆ ಬೇರೆ ಅಕ್ಷರವಿದೆ ಎನ್ನುವುದು ನನಗೆ ಗೊತ್ತಾದದ್ದೇ ಮದುವೆಯಾದ ಮೇಲೆ, ಕರ್ನಾಟಕದಿಂದ ಶಬರಿಮಲೆಗೆ ಹೋಗುವ ಬಸ್ಸುಗಳ ಹಣೆಯ ಮೇಲೆ ನೋಡಿ. ಈ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದಕ್ಕೆಲ್ಲ ಇದೇ ಮೂಲ.

ನಾನು ಕೆಲಸ ಮಾಡಿದ ಕೋಟೆಯ ಹೆಸರು ಬರೆಯುವುದಿಲ್ಲ. ಅಲ್ಲಿದ್ದ ಕೆಲವರು ಇನ್ನೂ ನೌಕರಿಯಲ್ಲಿದ್ದಾರೆ. ದಿಂಡಿಗಲ್ಲಿನ ದೊಡ್ಡ ಕೋಟೆಯಂತೂ ಅಲ್ಲ. ಆ ಊರಿಗೂ ತೇನಿಗೂ ನಡುವೆ, ಬಯಲಿನಲ್ಲಿ ಒಂಟಿಯಾಗಿ ಎದ್ದ ಒಂದು ಬೋಳು ಬಂಡೆ, ಅದರ ನೆತ್ತಿಯ ಮೇಲೆ ಹಳೆಯ ಪಾಳೆಯಗಾರರ ಕೋಟೆ. ನಾನೂರಕ್ಕೂ ಹೆಚ್ಚು ಮೆಟ್ಟಿಲು. ಮೇಲೆ ಮದ್ದಿನ ಮನೆ, ಕಣಜದ ಮನೆ ಎಂಬ ಎರಡು ಕಟ್ಟಡಗಳಿದ್ದವು. ಅವುಗಳಿಗೆ ಸುಣ್ಣ ಹೊಡೆಸಿ, ಬಲ್ಬು ಹಾಕಿ, ಮ್ಯೂಸಿಯಂ ಮಾಡಿದ್ದರು. ಫಿರಂಗಿ ಗುಂಡುಗಳು, ತುಕ್ಕು ಹಿಡಿದ ಕತ್ತಿಗಳು, ಮೂಗು ಮುರಿದ ದೇವರುಗಳು, ಒಂದು ಪಲ್ಲಕ್ಕಿಯ ದಂಡ. ನಾನು ಅಲ್ಲಿ ಅಟೆಂಡರ್. ನನ್ನ ಜೊತೆ ಚೆಲ್ಲಯ್ಯ ಎನ್ನುವ ಕಾವಲುಗಾರ. ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಅವನ ಮುಖ್ಯ ಕೆಲಸ ಕೋತಿಗಳನ್ನು ಓಡಿಸುವುದು.

ನಮ್ಮ ಮೊದಲ ಅಧಿಕಾರಿ ಪರಮಶಿವಂ ಸಾರ್. ಒಳ್ಳೆಯ ಮನುಷ್ಯ, ತುಂಬ ಓದಿದವರು. ಆದರೆ ಎತ್ತರವೆಂದರೆ ಅವರಿಗೆ ತಲೆಸುತ್ತು. ಹನ್ನೆರಡನೇ ಮೆಟ್ಟಿಲಿಗಿಂತ ಮೇಲೆ ಅವರು ಕಾಲಿಟ್ಟದ್ದನ್ನು ಯಾರೂ ನೋಡಿಲ್ಲ. ಬೆಟ್ಟದ ಬುಡದಲ್ಲಿ, ಟಿಕೆಟ್ ಕೊಡುವ ಕೋಣೆಯ ಪಕ್ಕದಲ್ಲಿ ಅವರ ಆಫೀಸು. ಅಲ್ಲಿ ಕುಳಿತೇ ಮೇಲಿನ ಮ್ಯೂಸಿಯಂ ನಡೆಸುತ್ತಿದ್ದರು. ನಾನು ಸೇರಿದ ದಿನವೇ, "ಲಕ್ಕಮ್ಮಾ, ಮೇಲೆ ಏನೇನು ಇದೆ ಅಂತ ನೋಡಿ ಬಂದು ಹೇಳಮ್ಮಾ" ಎಂದರು. ಹೋಗಿ ನೋಡಿ ಬಂದು ಹೇಳಿದೆ. ಬರೆದುಕೊಂಡರು. ಪುಸ್ತಕ ತೆರೆದು, "ಹಾಗಾದರೆ ಅದು ಹದಿನಾರನೇ ಶತಮಾನದ್ದು" ಎಂದರು.

ವಸ್ತುಗಳನ್ನು ಎಲ್ಲಿಡಬೇಕು ಎಂದು ಆಫೀಸಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. ನಾವು ಮೇಲೆ ಹೋಗುವಷ್ಟರಲ್ಲಿ ಎಡ ಬಲ ಮರೆತಿರುತ್ತಿತ್ತು. ಹೀಗಾಗಿ ಒಂದು ವರ್ಷ ಪೂರ್ತಿ ಕತ್ತಿಗಳ ಮುಂದೆ "ಅಡಿಗೆ ಪಾತ್ರೆಗಳು" ಎಂಬ ಫಲಕವೂ, ಸೌಟಿನ ಮುಂದೆ "ಯುದ್ಧದಲ್ಲಿ ಬಳಸಿದ್ದು" ಎಂಬ ಫಲಕವೂ ಇದ್ದವು. ಸಾವಿರಾರು ಜನ ನೋಡಿದರು. ಒಬ್ಬರೂ ಕೇಳಲಿಲ್ಲ. ಬೋಡಿಯಿಂದ ಬಂದ ಒಬ್ಬ ಹೆಂಗಸು ಮಾತ್ರ ಆ ಸೌಟನ್ನು ಬಹಳ ಹೊತ್ತು ನೋಡಿ, ಗಂಡನ ಕಡೆಗೊಮ್ಮೆ ನೋಡಿ, ಮುಂದೆ ಹೋದಳು.

ಮದ್ದಿನ ಮನೆಯ ಬಾಗಿಲಲ್ಲಿ ಪ್ಲಾಸ್ಟರಿನ ಒಬ್ಬ ಸೇನಾಪತಿ ನಿಂತಿದ್ದ. ಒಂದು ದಿನ ಕೋತಿಯೊಂದು ಅವನ ಮೀಸೆಯನ್ನು ಪೂರ್ತಿ ಕಿತ್ತುಕೊಂಡು ಗೋಡೆ ಹಾರಿತು. ಮೇಲಧಿಕಾರಿಗಳಿಗೆ ಬರೆದೆವು. ಎಂಟು ತಿಂಗಳ ಮೇಲೆ "ಆ ಕಾಲಕ್ಕೆ ಹೊಂದುವ ಮೀಸೆ" ಎಂದು ಬರೆದ ಡಬ್ಬಿ ಬಂತು. ಒಳಗೆ ಬಲಗಡೆಯದು ಮಾತ್ರ ಇತ್ತು. ಎಡಗಡೆಯದಕ್ಕೆ ಬೇರೆ ಪತ್ರ ಬರೆಯಬೇಕೆಂದರು. ಅಲ್ಲಿಯವರೆಗೆ ಚೆಲ್ಲಯ್ಯ ದಿನಾ ಬೆಳಿಗ್ಗೆ ಇದ್ದಿಲಿನಲ್ಲಿ ಎಡಮೀಸೆ ಬರೆಯುತ್ತಿದ್ದ. ಅವನ ಕೈ ದಿನಕ್ಕೊಂದು ಥರ ಓಡುತ್ತಿದ್ದುದರಿಂದ ಸೇನಾಪತಿ ಒಂದು ದಿನ ನಗುತ್ತಿದ್ದ, ಇನ್ನೊಂದು ದಿನ ಯಾರನ್ನೋ ಕೊಲ್ಲಲು ಹೊರಟವನಂತೆ ಕಾಣುತ್ತಿದ್ದ.

ಈಶ್ವರಿ, ನೀನು ತಿಳಿಯಬೇಕಾದ ಇನ್ನೊಂದು ವಿಷಯ. ಬರುವವರು ಕೋಟೆ ಯಾರು ಕಟ್ಟಿಸಿದರು ಎಂದು ಕೇಳುವುದಿಲ್ಲ. ಅಷ್ಟು ಮೆಟ್ಟಿಲು ಹತ್ತಿ ಬಂದವರು ಮೊದಲು ಕೇಳುವುದು ನೀರು, ಆಮೇಲೆ ಕಕ್ಕಸು. ನಮ್ಮಲ್ಲಿ ಎರಡೂ ಇರಲಿಲ್ಲ. ಬಂಡೆಯಲ್ಲಿ ಮಳೆನೀರು ನಿಲ್ಲುವ ಹಳೆಯ ದೊಣೆಯೊಂದಿತ್ತು. ಅದರಲ್ಲಿ ಇದ್ದದ್ದು ಪಾಚಿ. ನಾನೂ ಚೆಲ್ಲಯ್ಯನೂ ಕುಡಿಯಲು ಕ್ಯಾನಿನಲ್ಲಿ ಹೊತ್ತು ತರುತ್ತಿದ್ದೆವು. ಒಂದು ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ಒಂದು ಶಾಲೆಯ ಹೆಣ್ಣುಮಕ್ಕಳು ಬಂದಿದ್ದರು. ಅವರಲ್ಲಿ ಒಬ್ಬಳು ಕಣಜದ ಮನೆಯ ಹೊಸ್ತಿಲಲ್ಲೇ ಕುಸಿದಳು. ನಮ್ಮ ಕ್ಯಾನು ಆಗಲೇ ಖಾಲಿ. ಚೆಲ್ಲಯ್ಯ ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಅಷ್ಟೂ ಮೆಟ್ಟಿಲು ಇಳಿದ. ಹುಡುಗಿ ಉಳಿದಳು. ನಾನು ಮೇಲೆ ನಿಂತು ಅವರಿಬ್ಬರೂ ಚಿಕ್ಕದಾಗುತ್ತ ಹೋದದ್ದನ್ನು ನೋಡಿದೆ. ನೀರು ಕೊಡಿಸಿ ಎಂದು ಅದಕ್ಕೂ ಮುಂಚೆ ಬರೆದಿದ್ದೆವು, ಆಮೇಲೂ ಬರೆದೆವು. ಮೀಸೆಗಾದರೂ ಉತ್ತರ ಬಂದಿತ್ತು, ನೀರಿಗೆ ಅದೂ ಬರಲಿಲ್ಲ.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ.

ಆ ದೊಣೆಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟಿತ್ತು. ಅದರ ಮೇಲೆ ಅಕ್ಷರ. ತಮಿಳಲ್ಲ, ತೆಲುಗೂ ಅಲ್ಲ ಎಂದು ಗೊತ್ತಿತ್ತು. ನಾನು ಅದರ ಫೋಟೋ ತಂದು ತೋರಿಸಿದಾಗ ಪರಮಶಿವಂ ಸಾರ್ ಪುಸ್ತಕ ತಿರುವಿ, "ಕನ್ನಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮನೆಯಲ್ಲಿ ಕನ್ನಡ ತಾನೇ ಮಾತಾಡುವುದು?" ಎಂದು ಕೇಳಿದರು.

"ಆಮಾ ಸಾರ್" ಎಂದೆ.

ಅಷ್ಟೇ ನಾನು ಹೇಳಿದ್ದು. ಅವರು ಫೈಲಿನಲ್ಲಿ ಏನೋ ಬರೆದುಕೊಂಡರು. ಏನೆಂದು ಕೇಳಲಿಲ್ಲ. ಅದು ನನ್ನ ಮೊದಲ ತಪ್ಪು.

ಕೆಲವು ವಾರಗಳ ಮೇಲೆ ಚೆನ್ನೈನಿಂದ ಒಬ್ಬ ದೊಡ್ಡ ಅಧಿಕಾರಿ ಬೆಟ್ಟ ಹತ್ತಿ ಬಂದರು. ಜೊತೆಗೆ ಹತ್ತು ಜನ. ಎಲ್ಲರ ಅಂಗಿಯೂ ಬೆವರಿನಿಂದ ಒದ್ದೆ. ದೊಣೆಯ ಹತ್ತಿರ ನಿಂತು ಉಸಿರು ಬಿಡುತ್ತ, "ಇದೇನು ಕಲ್ಲು?" ಎಂದರು. ಅವರ ಸಹಾಯಕ ಫೈಲು ನೋಡಿ ಹೇಳಿದ, "ಕನ್ನಡ ಶಾಸನ ಸಾರ್. ಇಲ್ಲಿ ಕನ್ನಡ ನಿಪುಣರು ಒಬ್ಬರು ಇದ್ದಾರೆ. ಲಕ್ಕಮ್ಮಾಳ್."

ನಿಪುಣರು ಯಾರು ಎಂದು ನಾನೂ ಹಿಂತಿರುಗಿ ನೋಡಿದೆ. ಹಿಂದೆ ಚೆಲ್ಲಯ್ಯ ಮಾತ್ರ ಇದ್ದ.

"ಓದಮ್ಮಾ" ಎಂದರು ಅಧಿಕಾರಿ.

ಹನ್ನೊಂದು ಜನ ನನ್ನ ಬಾಯಿ ನೋಡುತ್ತಿದ್ದರು. ನನಗೆ ಓದಲು ಬರುವುದಿಲ್ಲ ಎಂದರೆ ಪರಮಶಿವಂ ಸಾರ್ ಸುಳ್ಳು ಬರೆದಂತಾಗುತ್ತದೆ. ಮೇಲೆ ಏನಿದೆ ಎಂದು ನೋಡದೆ ಬರೆದ ಉಳಿದದ್ದೂ ಒಂದೊಂದಾಗಿ ಹೊರಬರುತ್ತದೆ. ನನ್ನ ಕೆಲಸವೂ ಇನ್ನೂ ಖಾಯಂ ಆಗಿರಲಿಲ್ಲ. ನಾನು ಕಲ್ಲಿನ ಮುಂದೆ ಕುಳಿತು, ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ಬಾಯಿಗೆ ಬಂದದ್ದು ಕೊಂಬೈಯಲ್ಲಿ ನಮ್ಮಜ್ಜಿ ದಿನಾ ಸಂಜೆ ಹಟ್ಟಿಯಿಂದ ಕೂಗುತ್ತಿದ್ದ ಮಾತು. ಅದನ್ನೇ ಹಾಡಿನಂತೆ ಎಳೆದು ಹೇಳಿದೆ.

"ಮಾಡು ಕಟ್ಟಿದ್ಯಾ, ತೊಟ್ಟಿಗ ನೀರ್ ಊತ್ತಿದ್ಯಾ, ಬಂದವ್ರಿಗ ಒಂದ್ ಚೊಂಬು ನೀರ್ ಕೊಡು, ಕದವ ಸಾತ್ತು."

ದನ ಕಟ್ಟಿದೆಯಾ, ತೊಟ್ಟಿಗೆ ನೀರು ಹೊಯ್ದೆಯಾ, ಬಂದವರಿಗೆ ನೀರು ಕೊಡು, ಬಾಗಿಲು ಮುಚ್ಚು. ಇಷ್ಟೇ. ಅಧಿಕಾರಿ ಕಣ್ಣು ಮುಚ್ಚಿ ಕೇಳಿದರು. "ಎಂಥ ಹಳೆಯ ಭಾಷೆ" ಎಂದರು. "ಇದರ ಅರ್ಥ?"

ಅರ್ಥ ಹೇಳುವಾಗ ನನಗೆ ಹೊಸ್ತಿಲಲ್ಲಿ ಕುಸಿದ ಆ ಹುಡುಗಿಯ ನೆನಪಾಯಿತು. "ಈ ಬೆಟ್ಟ ಹತ್ತಿ ಬಂದವರಿಗೆಲ್ಲ ನೀರು ಕೊಡಬೇಕು ಅಂತ ಅರಸನ ಆಜ್ಞೆ ಸಾರ್" ಎಂದೆ. ಹೆದರಿಕೆಯಿಂದ ಆಡಿದ ಸುಳ್ಳೋ, ಬೇಕೆಂದೇ ಆಡಿದ್ದೋ ಎಂದು ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅರ್ಧ ಅರ್ಧ ಇದ್ದಿರಬೇಕು.

ಮೂರು ತಿಂಗಳಲ್ಲಿ ಕಲ್ಲಿನ ಪಕ್ಕ ನೀಲಿ ಬೋರ್ಡು ಬಂತು. ಬೆಟ್ಟ ಹತ್ತಿ ಬಂದವರಿಗೆಲ್ಲ ನೀರು ಕೊಡತಕ್ಕದ್ದೆಂದು ಅರಸನು ಹಾಕಿಸಿದ ಶಾಸನ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಅದು ಅಜ್ಜಿಯ ಮಾತೆಂದು ನಾನು ಚೆಲ್ಲಯ್ಯನಿಗೆ ಹೇಳಿದ್ದೆ. ಸಂಜೆ ಅವನು ಬೋರ್ಡನ್ನು ಎರಡು ಸಲ ಓದಿ, "ಅಕ್ಕಾ, ನಿಮ್ಮ ಅಜ್ಜಿ ಯಾವ ವಂಶ?" ಎಂದು ಕೇಳಿದ.

ನಿಜವಾದ ಗೊಂದಲ ಆಮೇಲೆ. ಬೆಳಿಗ್ಗೆ ನಡೆಯಲು ಬರುವ ನಿವೃತ್ತರ ಗುಂಪೊಂದಿತ್ತು. ಅವರು ಬೋರ್ಡು ಓದಿದರು. ಆ ಸೋಮವಾರವೇ ಕಲೆಕ್ಟರ್ ಆಫೀಸಿನಲ್ಲಿ ಅಹವಾಲು ಕೊಟ್ಟರು. ಅರಸನ ಕಾಲದಲ್ಲಿ ಕೊಡುತ್ತಿದ್ದ ನೀರನ್ನು ಈಗ ನಿಲ್ಲಿಸಿದವರು ಯಾರು, ಯಾವ ಆದೇಶದ ಮೇಲೆ ನಿಲ್ಲಿಸಿದರು ಎಂದು ಕೇಳಿದ್ದರು. ಆಫೀಸಿನಲ್ಲಿ ಹುಡುಕಿದರು. ನಿಲ್ಲಿಸಿದ ಆದೇಶ ಎಲ್ಲೂ ಸಿಗಲಿಲ್ಲ. ನಿಲ್ಲಿಸಿದ ಆದೇಶ ಇಲ್ಲದ ಮೇಲೆ ಅರಸನ ಆಜ್ಞೆ ಇನ್ನೂ ಜಾರಿಯಲ್ಲಿದೆ ಎಂದೇ ಅರ್ಥ ಎಂದು ಯಾರೋ ಟಿಪ್ಪಣಿ ಬರೆದರು. ವರ್ಷ ತುಂಬುವುದರೊಳಗೆ ಕೆಳಗೆ ಮೋಟಾರು, ಬಂಡೆಯ ಮೈಗೆ ಪೈಪು, ಮೇಲೆ ಕಪ್ಪು ಟ್ಯಾಂಕು, ಅದಕ್ಕೆ ನಾಲ್ಕು ನಲ್ಲಿ.

ಮೊದಲ ದಿನ ನಲ್ಲಿ ತಿರುಗಿಸಿದಾಗ ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಒಳ್ಳೆಯ ನೀರು. ಪರಮಶಿವಂ ಸಾರ್ ಕೆಳಗಿನಿಂದ ಫೋನು ಮಾಡಿ, "ಬರ್ತಾ ಇದೆಯಾಮ್ಮಾ?" ಎಂದರು. ಬರುತ್ತಿದೆ ಎಂದೆ. ಆಮೇಲೆ, "ಆ ಕಲ್ಲಿನಲ್ಲಿ ನಿಜವಾಗಿ ಅದೇ ಬರೆದಿದೆಯಾ?" ಎಂದು ಕೇಳಿದರು.

"ಮೇಲೆ ಬಂದು ನೋಡಿ ಸಾರ್" ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಅವರು ನಿವೃತ್ತರಾದರು. ಅವರ ಜಾಗಕ್ಕೆ ಇಬ್ಬರು ಮೂವರು ಬಂದು ಹೋದರು. ನಾನು ಆ ಶಾಸನವನ್ನು ಎಷ್ಟು ಜನರಿಗೆ ಓದಿ ಹೇಳಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅಕ್ಷರಗಳ ಮೇಲೆ ಬೆರಳು ಸರಿಸುತ್ತ ಅಜ್ಜಿಯ ಮಾತು ಹೇಳುತ್ತಿದ್ದೆ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ರೂಢಿಯಾಗಿತ್ತು. ಎಷ್ಟೋ ದಿನ, ಕಲ್ಲಿನಲ್ಲಿ ಅದೇ ಬರೆದಿದೆ ಎಂದು ನಾನೇ ನಂಬಿಬಿಟ್ಟಿದ್ದೆ.

ಆಮೇಲೆ ಮೈಸೂರಿನಿಂದ ಶಾರದಾ ಮೇಡಂ ಬಂದರು. ಕಲ್ಲಿನ ಬರಹ ಓದುವುದೇ ಅವರ ಕೆಲಸ. ಅರವತ್ತು ದಾಟಿದ ಹೆಂಗಸು, ಹೆಗಲಿಗೆ ಚೀಲ, ತಲೆಗೆ ಗಂಡಸರ ಟೋಪಿ. ಮೇಲೆ ಬಂದವರೇ ನಲ್ಲಿಗೆ ಬಾಯಿಟ್ಟು ಕುಡಿದರು. ನಾವು ಅದುವರೆಗೆ ಕಲ್ಲಿಗೆ ಮೈದಾ ಬಳಿದು ಫೋಟೋ ತೆಗೆಯುತ್ತಿದ್ದೆವು. ಅವರು ಅದನ್ನು ಕೇಳಿ ಹಣೆ ಹಿಡಿದುಕೊಂಡರು. ಹಾಗೆ ಮಾಡಿದರೆ ಹಿಟ್ಟು ಸಂದಿಯಲ್ಲಿ ಉಳಿದು ಕಲ್ಲು ಕೆಡುತ್ತದಂತೆ. ನೀವು ಯಾರೂ ಹಾಗೆ ಮಾಡಬೇಡಿ. ಅವರು ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ಗುಳಿಯೊಳಗೆ ಇಳಿಸಿ, ಮೇಲೆ ಮಸಿ ಒತ್ತಿದರು. ಕಪ್ಪು ಕಾಗದದಲ್ಲಿ ಬಿಳಿ ಅಕ್ಷರ ಮೂಡಿತು. ನಾನು ಬಕೆಟ್ಟಿನಲ್ಲಿ ನೀರು ತಂದುಕೊಡುತ್ತಿದ್ದೆ.

ಮೇಡಂ ಕಾಗದ ಹರಡಿ ನಿಧಾನವಾಗಿ ಓದಿದರು. "ದೊಣೆಯ ನೀರು... ಕೊಳ್ಳು... ಕುದುರೆಗೆ... ಆಳಿಗೆಲ್ಲ." ಕನ್ನಡಕ ತೆಗೆದು ನಕ್ಕರು. "ನೋಡಿ ಲಕ್ಕಮ್ಮನೋರೇ, ನಿಮ್ಮ ಬೋರ್ಡು ಸುಮಾರಾಗಿ ಸರಿಯಾಗೇ ಇದೆ. ದೊಣೆಯ ನೀರನ್ನ ತೆಗೆದುಕೋ, ಕುದುರೆಗೂ ಆಳುಗಳಿಗೂ ಎಲ್ಲರಿಗೂ ಅಂತ."

ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಇಷ್ಟು ವರ್ಷದ ಸುಳ್ಳು ನಿಜವಾಗಿಬಿಟ್ಟಿತಲ್ಲ ಎಂದು ಒಳಗೆ ಹಗುರವಾಯಿತು. ಆದರೆ ಅವರು ಓದಿದ ಒಂದು ಮಾತು ಕಿವಿಯಲ್ಲಿ ಕುಳಿತುಬಿಟ್ಟಿತ್ತು. ಮೇಡಂ ಕಾಗದ ಸುತ್ತತೊಡಗಿದರು. ನಾನು ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ಮೇಡಂ, ನಿಮ್ ಕಡೆ ಕೊಳ್ಳು ಅಂದ್ರ ಏನ್?" ಎಂದೆ.

"ತೆಗೆದುಕೋ ಅಂತ. ಕೊಂಡುಕೋ ಅಂತ. ಯಾಕೆ?"

"ನಮ್ ಮನೇಲಿ ಕೊಳ್ಳು ಅಂದ್ರ ಕಾಳು ಮೇಡಂ. ಕುದುರೆಗ ಹಾಕೋ ಕಾಳು. ನಾವೂ ರಸ ಮಾಡ್ತೀವಿ."

ಮೇಡಂ ಸುತ್ತುವುದನ್ನು ನಿಲ್ಲಿಸಿದರು. "ಹುರುಳಿ," ಎಂದರು, ತಮಗೆ ತಾವೇ. ಕಾಗದ ಮತ್ತೆ ಹರಡಿದರು. ಭೂತಗನ್ನಡಿ ಹಿಡಿದು ಕೊನೆಯ ಸಾಲಿನ ಮೇಲೆ ಬಗ್ಗಿದರು. ಅಲ್ಲಿ ಒಂದು ಅಕ್ಷರದ ತಲೆ ಚಕ್ಕೆ ಹಾರಿತ್ತು. ಟಾರ್ಚನ್ನು ಓರೆಯಾಗಿ ಬಿಟ್ಟು ಕಲ್ಲನ್ನೇ ನೋಡಿದರು. ಬಹಳ ಹೊತ್ತಾದ ಮೇಲೆ, "ಇದು ಗೆ ಅಲ್ಲ, ಗಿ" ಎಂದರು. "ಆಳಿಗೆಲ್ಲ ಅಲ್ಲ. ಆಳಿಗಿಲ್ಲ."

ದೊಣೆಯ ನೀರೂ ಹುರುಳಿಯೂ ಕುದುರೆಗೆ, ಆಳಿಗೆ ಇಲ್ಲ. ಮೈಸೂರಿನ ದಂಡು ಇಲ್ಲಿ ಬೀಡುಬಿಟ್ಟಿದ್ದ ಕಾಲದ ಕಲ್ಲಂತೆ. ಕುದುರೆಯ ಕಾಳನ್ನು ಆಳುಗಳು ಕದ್ದು ರಸ ಮಾಡಿ ಕುಡಿಯುತ್ತಿದ್ದಿರಬೇಕು. ಯಾರೋ ಸಿಟ್ಟಾಗಿ ಕಲ್ಲು ಹಾಕಿಸಿದ್ದಾರೆ. ಮನುಷ್ಯರಿಗೆ ನೀರು ಕೊಡಬೇಡಿ ಎಂದು ಬರೆದ ಕಲ್ಲಿನ ಹೆಸರಿನಲ್ಲಿ ನಾವು ನಾಲ್ಕು ನಲ್ಲಿ ಹಾಕಿಸಿದ್ದೆವು.

"ಹಾಗಾದರೆ ಬೋರ್ಡಿನಲ್ಲಿರೋದನ್ನ ಓದಿದವರು ಯಾರು?" ಎಂದರು ಮೇಡಂ.

"ಯಾರೂ ಓದ್ಲಿಲ್ಲ ಮೇಡಂ. ನಂಗ ಕನ್ನಡ ಎಳುತ್ತೇ ತೆರಿಯಲ್ಲ. ಅದು ನಮ್ಮಜ್ಜಿ ಮಾತು" ಎಂದೆ. ಎಳುತ್ತು ಎಂದರೆ ನಮ್ಮಲ್ಲಿ ಅಕ್ಷರ, ತೆರಿಯಲ್ಲ ಎಂದರೆ ಗೊತ್ತಿಲ್ಲ. ಅಜ್ಜಿಯ ಮಾತನ್ನು ಪೂರ್ತಿ ಹೇಳಿಯೂ ತೋರಿಸಿದೆ. ಬೈಯುತ್ತಾರೆ ಎಂದುಕೊಂಡೆ. ಅವರು ಚೀಲದಿಂದ ನೋಟ್ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡರು. ಹೊರಡುವಾಗ ನೋಟ್ ಪುಸ್ತಕದ ಒಂದು ಹಾಳೆಯ ತುಂಬ ಅಕ್ಷರಗಳನ್ನು ಬರೆದು ನನ್ನ ಕೈಗೆ ಕೊಟ್ಟರು. "ನಾನು ನಿಜ ಬರೆದು ಕಳಿಸಲೇಬೇಕು, ಲಕ್ಕಮ್ಮನೋರೇ. ನೀವು ಅಷ್ಟರಲ್ಲಿ ಇದನ್ನ ಕಲಿತುಕೊಳ್ಳಿ" ಎಂದರು.

ಕಲಿತೆ. ಟ್ಯಾಂಕಿನ ನೆರಳಲ್ಲಿ ಕುಳಿತು ದಿನಕ್ಕೆ ಮೂರು ಅಕ್ಷರ. ಬರೆದದ್ದನ್ನು ಫೋಟೋ ತೆಗೆದು ಮೇಡಂಗೆ ಕಳಿಸುತ್ತಿದ್ದೆ. ಅವರು ತಿದ್ದುತ್ತಿದ್ದರು. ಕೆಲಸ ಹೋಗುವ ದಿನಕ್ಕೆ ಕಾಯುತ್ತ ಅಕ್ಷರ ಕಲಿಯುವುದು ವಿಚಿತ್ರ. ಕೆಲಸ ಹೋಗುವುದಕ್ಕಿಂತ ಟ್ಯಾಂಕು ಹೋಗುತ್ತದೆ ಎಂಬುದೇ ನನಗೆ ಹೆಚ್ಚು ಹೆದರಿಕೆ.

ಒಂದೂವರೆ ವರ್ಷದ ಮೇಲೆ ಫೈಲು ಬಂತು. ಮೇಡಂ ಬರೆದ ಪತ್ರ ಚೆನ್ನೈಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಕೊನೆಗೆ ನನ್ನ ಹೆಸರಿಗೇ ಬಂದಿತ್ತು. ಮೈಸೂರಿನ ವಿದ್ವಾಂಸರ ಓದು ಸರಿಯೇ ಎಂದು ಇಲಾಖೆಯ ಕನ್ನಡ ನಿಪುಣರು ಅಭಿಪ್ರಾಯ ತಿಳಿಸತಕ್ಕದ್ದು ಎಂದು ಬರೆದಿತ್ತು.

"ತಪ್ಪು ಅಂತ ಬರೆದುಬಿಡು ಅಕ್ಕಾ. ಯಾರು ಕೇಳ್ತಾರೆ" ಎಂದ ಚೆಲ್ಲಯ್ಯ. ಅವನು ತಮಾಷೆಗೆ ಹೇಳಿದ್ದಲ್ಲ. ಆ ಹುಡುಗಿಯನ್ನು ಹೊತ್ತು ಇಳಿದವನು ಅವನು.

ಎರಡು ದಿನ ಯೋಚಿಸಿದೆ. ಓದಲು ಬಾರದಾಗ ಹೇಳಿದ ಸುಳ್ಳಿಗೆ ಒಂದು ನೆಪವಿತ್ತು. ಈಗ ಓದಲು ಬರುತ್ತದೆ. ಮೂರನೇ ದಿನ ಕನ್ನಡದಲ್ಲೇ ಬರೆದೆ. ಮೇಡಂ ಓದಿದ್ದು ಸರಿ, ಮೊದಲಿನ ಬೋರ್ಡು ತಪ್ಪು, ತಪ್ಪು ನನ್ನದು, ಆಗ ನನಗೆ ಓದಲು ಬರುತ್ತಿರಲಿಲ್ಲ. ಕೆಳಗೆ ಸಹಿ. ನನ್ನ ಬದುಕಿನಲ್ಲಿ ಕನ್ನಡದಲ್ಲಿ ಬರೆದ ಮೊದಲ ಕಾಗದ ಅದು.

ಹತ್ತು ದಿನದಲ್ಲಿ ಉತ್ತರ. ನಿಪುಣರ ಅಭಿಪ್ರಾಯವನ್ನು ಕೃತಜ್ಞತೆಯಿಂದ ಸ್ವೀಕರಿಸಲಾಗಿದೆ ಎಂದಿತ್ತು. ಅಲ್ಲಿ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ತಿಂಗಳ ಮೇಲೆ ಇನ್ನೊಂದು ಪತ್ರ ಬಂತು, ಸದರಿ ಅಭಿಪ್ರಾಯದ ತಮಿಳು ಅನುವಾದವನ್ನು ನಿಪುಣರಿಂದಲೇ ಪಡೆಯತಕ್ಕದ್ದು ಎಂದು. ಅನುವಾದವನ್ನೂ ಮಾಡಿ ಕಳಿಸಿದೆ. ಒಂದು ಪದ ಬಿಡಲಿಲ್ಲ.

ಆಗ ಕರೆ ಬಂತು. ಹೊಸ ಅಧಿಕಾರಿ ಒಬ್ಬ ಹೆಂಗಸು, ನನ್ನ ಮಗಳ ವಯಸ್ಸು. ಬೆಟ್ಟ ಹತ್ತಿಯೇ ಬಂದಿದ್ದಳು. ಕಣಜದ ಮನೆಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಫೈಲು ಪೂರ್ತಿ ಓದಿದಳು. ನಡುವೆ ಎರಡು ಸಲ ಎದ್ದು ಕಿಟಕಿಯ ಕಡೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ಎಂದು ಹೆದರಿದೆ.

"ನಿಮ್ಮ ಮೇಲೆ ಏನು ಕ್ರಮ ಅಂತ ಬರೆಯಲಿ?" ಎಂದಳು ಬಂದು ಕುಳಿತು. "ಓದಲು ಬಾರದೆ ಓದಿದರು ಅಂತ ಬರೆಯಬೇಕು. ಹಾಗೆ ಬರೆದರೆ ಓದಿಸಿದವರನ್ನೆಲ್ಲ ಕೇಳಬೇಕು. ಅವರಲ್ಲಿ ಒಬ್ಬರು ಈಗ ನನ್ನ ಮೇಲಿದ್ದಾರೆ."

"ನನ್ನ ಏನ್ ಬೇಕಾದ್ರೂ ಮಾಡಿ ಅಮ್ಮಾ. ಟ್ಯಾಂಕು ತೆಗೀಬೇಡಿ" ಎಂದೆ.

ಅವಳು ಫೈಲು ಮುಚ್ಚಿ, ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. ಮುಂದಿನ ವಾರ ಆದೇಶ ಬಂತು. ನನಗೆ ಒಂದು ಎಚ್ಚರಿಕೆ ಪತ್ರ. ನಿಜವಾದ ಓದಿನ ಹೊಸ ಬೋರ್ಡನ್ನು ಕಲ್ಲಿನ ಬಲಕ್ಕೆ ಹಾಕತಕ್ಕದ್ದು. ಹಳೆಯ ನೀಲಿ ಬೋರ್ಡನ್ನು ತೆಗೆಯುವಂತಿಲ್ಲ, ಏಕೆಂದರೆ ನೀರಿನ ಟ್ಯಾಂಕಿನ ಮಂಜೂರಾತಿ ಆ ಬೋರ್ಡಿನ ಆಧಾರದ ಮೇಲೆ ಆಗಿದೆ. ಅದು ಹೋದರೆ ಟ್ಯಾಂಕು ಯಾವ ಆಧಾರದ ಮೇಲೆ ನಿಂತಿದೆ ಎಂದು ಯಾರಾದರೂ ಕೇಳಿಯಾರು.

ಹೀಗೆ ಎರಡು ಬೋರ್ಡುಗಳಾದವು. ಎಡಗಡೆಯದು ಎಲ್ಲರಿಗೂ ನೀರು ಕೊಡು ಎನ್ನುತ್ತದೆ, ಬಲಗಡೆಯದು ಮನುಷ್ಯರಿಗೆ ಕೊಡಬೇಡ ಎನ್ನುತ್ತದೆ. ನಡುವೆ ಕಲ್ಲು.

ನಾನು ನಿವೃತ್ತಳಾಗುವ ತಿಂಗಳು, ಹನುಮಂತನಪಟ್ಟಿಯ ಕಡೆಯಿಂದ ಒಂದು ಕುಟುಂಬ ಬಂದಿತ್ತು. ಮನೆಯ ಹಿರಿಯರು, ದ್ರಾಕ್ಷಿ ತೋಟದವರು, ಕೊನೆಯವರಾಗಿ ಮೇಲೆ ಬಂದು, ನಲ್ಲಿಯಲ್ಲಿ ಹೊಟ್ಟೆ ತುಂಬ ಕುಡಿದು, ಕಲ್ಲಿನ ಎದುರಿಗೆ ಕುಳಿತರು. ಎರಡೂ ಬೋರ್ಡುಗಳನ್ನು ತುಟಿ ಅಲುಗಿಸುತ್ತ ಓದಿದರು. ನಮ್ಮ ಮನೆಮಾತಿನಲ್ಲೇ ಕೇಳಿದರು.

"ತಾಯೀ, ಇದ್ರಲ್ಲಿ ಯಾವ್ದು ನಿಜ?"

"ಬಲಗಡೆ ಇರೋದು ಕಲ್ಲಲ್ಲಿ ಇರೋದು ಅಯ್ಯಾ" ಎಂದೆ. "ಎಡಗಡೇದು ನಾ ಹೇಳಿದ್ದು."

ಅವರು ನನ್ನನ್ನು ನೋಡಿದರು, ಕಲ್ಲನ್ನು ನೋಡಿದರು. ಆಮೇಲೆ ಕತ್ತು ತಿರುಗಿಸಿ ಬೋಳು ಬಂಡೆಯ ಮೇಲೆ ಸುತ್ತಲೂ ಕಣ್ಣು ಹಾಯಿಸಿದರು.

"ಈಗ ಕುದುರೆ ಒಂದೂ ಕಾಣ್ಸಲ್ಲಲ್ಲ ತಾಯೀ" ಎಂದು ಹೇಳಿ, ಖಾಲಿ ಬಾಟಲಿ ಹಿಡಿದುಕೊಂಡು ಮತ್ತೆ ನಲ್ಲಿಯ ಕಡೆ ಎದ್ದರು.